ಕೇಳಿಸದೆ ಹೋದ ನಾಲ್ಕು ತಂತಿಗಳು

ನಡುಮನೆಯ ಕಿಟಕಿಯ ಬಳಿಯಿಂದ,
ಗುರುವಾರ, ಮಾರ್ಚ್ ಹನ್ನೆರಡು, ಬೆಳಗಿನ ಹತ್ತು ಗಂಟೆ

ಪ್ರೀತಿಯ ತಮ್ಮನಿಗೆ ಅಣ್ಣನ ತುಂಬುಹೃದಯದ ಆಶೀರ್ವಾದಗಳು.

ನಿನ್ನ ಮೊಣಕಾಲಿನ ನೋವು ಹೇಗಿದೆ? ಲೇತ್ ಯಂತ್ರದ ಮುಂದೆ ದಿನವಿಡೀ ನಿಲ್ಲುವುದನ್ನು ಕಡಿಮೆ ಮಾಡಿದ್ದೀಯೋ ಇಲ್ಲವೋ? ಇಲ್ಲಿ ಭಗವತ್ಕೃಪೆಯಿಂದ ನಿನ್ನ ಅತ್ತಿಗೆಯೂ ನಾನೂ ಕುಶಲ. ಆದರೆ ನಿನ್ನೆಯಿಂದ ನನ್ನ ಚಿತ್ತ ಒಂದೆಡೆ ನಿಲ್ಲುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲೇ ಮೂರು ಬಾರಿ ಎದ್ದು ಕುಳಿತಿದ್ದೇನೆ. "ಕುರ್ಚಿಗೇನು ಮುಳ್ಳು ಬಂದಿದೆಯಾ? ಒಂದು ಕಡೆ ಕೂತ್ಕೊಂಡು ಬರೀರಿ" ಎಂದು ನಿನ್ನ ಅತ್ತಿಗೆ ಗದರಿದ್ದೂ ಆಯಿತು.

ಈ ಮನೆಯಿಂದ ಹೊರಡುವಾಗ ನೀನು ಎರಡು ಎತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ನನಗೆ ಒಪ್ಪಿಸಿ, "ಅಣ್ಣಾ, ಇವಕ್ಕೆ ಭೇದಭಾವ ಇಲ್ಲ. ನಿನ್ನ ಸ್ತೋತ್ರಕ್ಕೂ ಸೈ, ನನ್ನ ರಾಕ್‌ಗೂ ಸೈ" ಎಂದು ನಕ್ಕಿದ್ದೆ. ಕಳೆದ ಜೂನ್‌ನಲ್ಲಿ ನೀನೂ ನಿನ್ನ ಮೂವರು ಗೆಳೆಯರೂ ಸೇರಿ ಎಪ್ಪತ್ತರ ದಶಕದ ರಾಕ್ ಹಾಡುಗಳನ್ನು ನುಡಿಸಿ, ಧ್ವನಿಮುದ್ರಿಸಿ ಕಳುಹಿಸಿದ್ದನ್ನು ಅವುಗಳಲ್ಲೇ ಕೇಳಿದೆ. ಅನಂತರ ನಿನಗೆ ಬರೆದ ಮಾತು ನನಗೆ ಅಕ್ಷರಶಃ ನೆನಪಿದೆ: "ಡ್ರಮ್ ಕೇಳಿಸಿತು, ಕಿರುಚುವ ಗಿಟಾರ್ ಕೇಳಿಸಿತು, ನಿನ್ನ ತಗ್ಗು ಸ್ವರದ ನಾಲ್ಕು ತಂತಿಯ ಬೇಸ್ ಗಿಟಾರ್ ಮಾತ್ರ ಕೇಳಿಸಲಿಲ್ಲ. ಇಲ್ಲದಿದ್ದರೂ ನಡೆಯುವುದಕ್ಕೆ ಮೂವತ್ತು ವರ್ಷ ಸವೆಸಿದೆಯಾ?" ಅಂದಿನಿಂದ ನಿನ್ನಿಂದ ಕಾಗದವಿಲ್ಲ, ಫೋನ್ ಮಾಡಿದರೆ ಎತ್ತುವುದಿಲ್ಲ. ಕಳೆದ ಭಾನುವಾರ ನಿನ್ನ ಹೆಂಡತಿಯೇ ಫೋನ್ ಮಾಡಿ, "ಅವರು ಗಿಟಾರ್ ಮುಟ್ಟೋದೇ ಬಿಟ್ಟಿದ್ದಾರೆ ಭಾವ. ಹದಿನಾರನೇ ತಾರೀಕು ಸೋಮವಾರ ಅದನ್ನ ಕೊಂಡ್ಕೊಂಡೋರು ಯಾರೋ ಬಂದು ತಗೊಂಡು ಹೋಗ್ತಾರಂತೆ" ಎಂದಳು.

ನಿನ್ನೆ ಬಲಗಡೆಯ ಪೆಟ್ಟಿಗೆ ಗೊರಗೊರ ಎನ್ನುತ್ತಿತ್ತೆಂದು ರೇಡಿಯೋ ರಿಪೇರಿಯವನನ್ನು ಕರೆಸಿದೆ. ಅವನು ಅದನ್ನು ತಿರುಗಿಸಿ, ಹಿಂಬದಿಗೆ ಟಾರ್ಚ್ ಹಿಡಿದು, ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ನಗತೊಡಗಿದ. "ಯಜಮಾನ್ರೇ, ಕೆಂಪು ತಂತಿ ಕಪ್ಪಿನ ಜಾಗದಲ್ಲಿದೆ, ಕಪ್ಪು ಕೆಂಪಿನ ಜಾಗದಲ್ಲಿ. ಒಂದು ಪೆಟ್ಟಿಗೆ ಗಾಳೀನ ಮುಂದಕ್ಕೆ ತಳ್ಳಿದ್ರೆ ಇನ್ನೊಂದು ಹಿಂದಕ್ಕೆ ಎಳೀತಿದೆ. ಇಬ್ಬರೂ ಜಗಳ ಆಡ್ಕೊಂಡು ತಗ್ಗು ಸ್ವರಾನೆಲ್ಲ ನುಂಗಿ ಹಾಕಿದ್ದಾರೆ." ಮೂರು ವರ್ಷಗಳಿಂದ ನನ್ನ ಸ್ತೋತ್ರಗಳೂ ಟೊಳ್ಳಾಗಿಯೇ ಕೇಳಿಸುತ್ತಿದ್ದವು, ಅದನ್ನು ನಾನು ವೈರಾಗ್ಯದ ಲಕ್ಷಣವೆಂದು ತಿಳಿದಿದ್ದೆ. ಮೂರು ವರ್ಷದ ಹಿಂದೆ ಗೋಡೆಗೆ ಬಣ್ಣ ಬಳಿಯಲು ಬಂದವರು ಪೆಟ್ಟಿಗೆ ಸರಿಸುವಾಗ ತಂತಿ ಅದಲುಬದಲು ಮಾಡಿರಬೇಕು.

ಅವನು ತಂತಿ ಸರಿಪಡಿಸಿದ ಮೇಲೆ ನಿಮ್ಮ ಧ್ವನಿಮುದ್ರಣವನ್ನು ಹಾಕಿಸಿದೆ. ಮೊದಲು ನನ್ನ ಅಂಗಾಲಿಗೆ ತಿಳಿಯಿತು, ಆಮೇಲೆ ಕಿವಿಗೆ. ಲೋಟದ ನೀರಿನಲ್ಲಿ ಸಣ್ಣ ಉಂಗುರಗಳೆದ್ದವು. ಆ ಮೂವರು ಅಷ್ಟು ಧೈರ್ಯವಾಗಿ ಎತ್ತರಕ್ಕೆ ಹಾರುವುದು ನೀನು ಕೆಳಗೆ ನೆಲ ಹಿಡಿದು ನಿಂತಿರುವುದರಿಂದ ಎಂಬುದು ಈ ಮಂದಬುದ್ಧಿಗೆ ಆಗ ಹೊಳೆಯಿತು. ನಾಲ್ಕನೆಯ ಹಾಡಿನ ನಡುವೆ ಉಳಿದವರೆಲ್ಲ ನಿಂತು, ನೀನೊಬ್ಬನೇ ನಡೆಯುವ ಜಾಗವೊಂದಿದೆಯಲ್ಲ, ಜೂನ್‌ನಲ್ಲಿ ಅಲ್ಲಿ ಏನೂ ಕೇಳಿಸದಿದ್ದುದನ್ನು ನಾನು ಯಂತ್ರದ ದೋಷವೆಂದುಕೊಂಡಿದ್ದೆ. ನಿನ್ನೆ ಹನ್ನೊಂದು ಬಾರಿ ಕೇಳಿದೆ. ಇಂದು ಬೆಳಗ್ಗೆ ಜಪದ ಮಣಿಗಳು ಅದೇ ನಡಿಗೆಯಲ್ಲಿ ಜಾರಿ ಲೆಕ್ಕ ತಪ್ಪಿತು, ಭಗವಂತ ಮನ್ನಿಸಿಯಾನು.

ನಿನ್ನ ಹೆಂಡತಿಗೂ ಆ ಮೂವರು ಗೆಳೆಯರಿಗೂ ನನ್ನ ಹಾರೈಕೆ ತಿಳಿಸು. ನಿನ್ನ ಬೆರಳುಗಳಲ್ಲಿ ಬಲ ಬಹುಕಾಲ ನೆಲೆಸಿರಲಿ.

ಇಂತು,
ನಿನ್ನ ಅಣ್ಣ

ಮರೆತ ಮಾತು: ಅಂಚೆಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ಬಣ್ಣ ಬಳಿಯುವವರು ತಂತಿಯನ್ನು ಮುಟ್ಟಲೇ ಇಲ್ಲ. ಪ್ರಾರ್ಥನೆಯ ಪೀಠಕ್ಕೆ ಜಾಗ ಬೇಕೆಂದು ಪೆಟ್ಟಿಗೆಗಳನ್ನು ಸರಿಸಿ, ಕನ್ನಡಕವಿಲ್ಲದೆ ತಂತಿ ಸಿಕ್ಕಿಸಿದವನು ನಾನೇ. ಮೇಲೆ ಬರೆದ ಸುಳ್ಳನ್ನು ಹೊಡೆದುಹಾಕಿಲ್ಲ. ನೀನು ಅದನ್ನೂ ನೋಡಬೇಕು. ಸೋಮವಾರ ಬರುವವರನ್ನು ಬರಿಗೈಯಲ್ಲಿ ಕಳುಹಿಸು.