ಇಸ್ತ್ರಿಯಕ್ಕನ ನಾಲ್ಕು ನಿಮಿಷ

೧೪ ಮಾರ್ಚ್, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನೀನು, ನಿಮ್ಮ ಯಜಮಾನರು, ಮಕ್ಕಳಿಬ್ಬರೂ ಆರೋಗ್ಯವಾಗಿದ್ದೀರಿ ತಾನೆ? ಮೊದಲೆಲ್ಲ ಈ ಸಾಲನ್ನು ಅಭ್ಯಾಸಬಲದಿಂದ ಬರೆಯುತ್ತಿದ್ದೆ. ಈಗ ನಿಜವಾಗಿಯೂ ಕೇಳುತ್ತಿದ್ದೇನೆ. ನಿನ್ನ ಎರಡು ಕಾಗದ ಬಂದು ಮೇಜಿನ ಮೇಲೆಯೇ ಕೂತಿವೆ. ಫೋನ್ ಮಾಡಿದಾಗಲೂ "ಕ್ಲಾಸಿದೆ ಕಣೆ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟೆ. ಅಮ್ಮ ಹೋಗಿ ಎಂಟು ತಿಂಗಳಾಯಿತು. ಈ ಎಂಟು ತಿಂಗಳಲ್ಲಿ ನಾವಿಬ್ಬರೂ ಹತ್ತು ನಿಮಿಷ ನೆಟ್ಟಗೆ ಮಾತಾಡಿಲ್ಲ. ತಪ್ಪು ನನ್ನದೇ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ.

ನನಗೆ ನಮ್ಮ ಕಾಲೇಜನ್ನು ಕಂಡರೆ ಹೇಸಿಗೆಯಾಗುತ್ತಿದೆ. ಹದಿನೇಳು ವರ್ಷ ಪಾಠ ಮಾಡಿದ ಜಾಗ. ಹಗಲೆಲ್ಲ ಅಂಗಡಿ, ಗ್ಯಾರೇಜು, ಇನ್ನೊಬ್ಬರ ಮನೆಗಳಲ್ಲಿ ದುಡಿದ ಜನ ಸಂಜೆ ಬಂದು ಒಂದು ಕಸುಬು ಕಲಿತುಹೋಗುವ ಸಮುದಾಯ ಕಾಲೇಜು ಎಂದು ನಿನ್ನ ಹತ್ತಿರ ಎಷ್ಟು ಕೊಚ್ಚಿಕೊಂಡಿದ್ದೇನೆ! ನೀನು "ಸಾಕು ಮಾಡೇ, ನಿನ್ನ ಕಾಲೇಜು ಪುರಾಣ" ಎನ್ನುತ್ತಿದ್ದೆ. ಇವತ್ತು ಆ ಪುರಾಣದ ಕೊಳಕು ಅಧ್ಯಾಯ ಕೇಳು.

ಕೊರೊನಾ ಬಂದು ಎಲ್ಲ ಮುಚ್ಚಿದಾಗ ನಾವು ತರಗತಿ ಹೇಗೆ ನಡೆಸಿದೆವೆಂದು ಮೊದಲು ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ನನ್ನ ನರ್ಸಿಂಗ್ ಸಹಾಯಕಿಯರ ತರಗತಿಯಲ್ಲಿ ಮೂವತ್ತೊಂದು ಹೆಂಗಸರು. ರೋಗಿಯನ್ನು ಮುಟ್ಟದೆ ಶುಶ್ರೂಷೆ ಕಲಿಸುವುದು ಹೇಗೆ? ದಿಂಬಿಗೆ ಅಂಗಿ ತೊಡಿಸಿ ರೋಗಿ ಮಾಡಿದರು. ಅತ್ತೆ, ಮಾವ, ಗಂಡ, ಸಿಕ್ಕಿದವರ ಕೈಯನ್ನೆಲ್ಲ ಹಿಡಿದು ನಾಡಿ ಎಣಿಸಿದರು. ಒಬ್ಬಳ ಮಾವ "ದಿನಾ ಎಣಿಸ್ತೀಯಲ್ಲಮ್ಮ, ನಿಲ್ಲೋದು ಯಾವಾಗ ಅಂತ ಕಾಯ್ತಿದ್ದೀಯಾ?" ಎಂದರಂತೆ! ಇದ್ದ ಆರು ಬಿಪಿ ಮಷಿನ್‌ಗಳನ್ನು ಸ್ಪಿರಿಟ್‌ನಲ್ಲಿ ಒರೆಸಿ ಮನೆಯಿಂದ ಮನೆಗೆ ಕಳಿಸಿದೆವು. ಮನೆಯಲ್ಲಿ ಇಂಟರ್ನೆಟ್ ಇಲ್ಲದವರು ಲೈಬ್ರರಿಯ ಮೆಟ್ಟಿಲ ಮೇಲೆ ದೂರದೂರ ಕೂತು, ಗೋಡೆ ದಾಟಿ ಬರುವ ಸಿಗ್ನಲ್ ಹಿಡಿದು ಪಾಠ ಕೇಳಿದರು. ಚಳಿಗೆ ಮೈಮೇಲೆ ಕಂಬಳಿ, ತೊಡೆಯ ಮೇಲೆ ಫೋನು. ಅವರನ್ನು ನೋಡಿದರೆ ಕಾಲೇಜು ಎಂದರೆ ಇದೇ ಅನ್ನಿಸುತ್ತಿತ್ತು.

ಅವರಲ್ಲಿ ಒಬ್ಬಳನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದರು. ಆಸ್ಪತ್ರೆಯ ಹೊದಿಕೆ, ಹಾಸುಬಟ್ಟೆ ಒಗೆದುಕೊಡುವ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮೂವತ್ತೆಂಟು ವಯಸ್ಸು, ಇಬ್ಬರು ಹೆಣ್ಣುಮಕ್ಕಳು. ವ್ಯಾನ್ ಓಡಿಸುತ್ತಿದ್ದ ಗಂಡ ಸೆಪ್ಟೆಂಬರಿನಲ್ಲಿ ಈ ರೋಗಕ್ಕೇ ತೀರಿಹೋದ. ಹನ್ನೆರಡು ದಿನ ಬಿಟ್ಟು ಮತ್ತೆ ತರಗತಿಗೆ ಬಂದಳು. "ಮೇಡಂ, ಬೆಡ್ ಹತ್ರ ಏನ್ಮಾಡಬೇಕು ಅಂತ ಗೊತ್ತಿದ್ದಿದ್ರೆ ನಾನು ಇನ್ನೇನಾದ್ರೂ ಮಾಡ್ತಿದ್ದೆ. ಅದಕ್ಕೇ ಕಲೀತೀನಿ" ಎಂದಳು. ಅವಳಷ್ಟು ಚೊಕ್ಕವಾಗಿ ಹಾಸಿಗೆ ಹಾಸುವವರನ್ನು ನಾನು ನೋಡಿಲ್ಲ.

ಇಲ್ಲಿಂದ ಶುರುವಾಗುತ್ತದೆ ಹೊಲಸು. ಕಾಲೇಜಿಗೆ ಬರುತ್ತಿದ್ದ ಸಹಾಯಧನ ಅರ್ಧಕ್ಕರ್ಧ ನಿಂತಿತು. ದೇಣಿಗೆ ಎತ್ತಬೇಕೆಂದು ನಮ್ಮ ಪ್ರಿನ್ಸಿಪಾಲರು ಹೊರಗಿನಿಂದ ಒಬ್ಬ ಸಲಹೆಗಾರನನ್ನು ಕರೆಸಿದರು. ಪ್ರಿನ್ಸಿಪಾಲರಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ಮೈಕು. ಒಮ್ಮೆ ಕೈಗೆ ಸಿಕ್ಕರೆ ಬಿಡುವವರಲ್ಲ. ಸಲಹೆಗಾರನಿಗೆ ಮೂರೇ ದಿನದಲ್ಲಿ ಭಾವನೆ ಸಾರ್ ಎಂಬ ಹೆಸರು ಬಿತ್ತು. ಬಾಯಿ ತೆಗೆದರೆ "ಭಾವನೆ ಬೇಕು ಮೇಡಂ, ಭಾವನೆ." ಟ್ಯಾಬ್ ಬೇಕು, ಮಷಿನ್ ಬೇಕು ಎಂದು ಪಟ್ಟಿ ಕೊಟ್ಟರೆ ಯಾರೂ ಜೇಬಿಗೆ ಕೈ ಹಾಕುವುದಿಲ್ಲವಂತೆ, ಒಂದು ಮುಖ ತೋರಿಸಬೇಕಂತೆ. ಹಾಜರಿ ಪುಸ್ತಕ ತಿರುವಿಹಾಕಿ, ಗಂಡನನ್ನು ಕಳೆದುಕೊಂಡವರು ಯಾರ್ಯಾರೆಂದು ಕೇಳಿ, ಬೆರಳಿಟ್ಟಿದ್ದು ಇಸ್ತ್ರಿಯಕ್ಕನ ಹೆಸರಿನ ಮೇಲೆ.

ಮೊದಲ ದಿನ ಲಾಂಡ್ರಿಯಲ್ಲೇ ಚಿತ್ರೀಕರಣ. ಅವಳು ಖುಷಿಯಿಂದಲೇ ಮಾತಾಡಿದಳು. ಡ್ರೈಯರಿನ ಶಬ್ದದ ನಡುವೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪಾಠ ಕೇಳಿದ್ದು, ಜೊತೆ ಕೆಲಸದವರಿಗೆಲ್ಲ ಬಿಪಿ ನೋಡಿಕೊಟ್ಟಿದ್ದು. ಭಾವನೆ ಸಾರ್ ಮುಖ ಹುಳಿ ಮಾಡಿಕೊಂಡ. "ಚೆನ್ನಾಗಿ ಮಾತಾಡ್ತಾರೆ ಮೇಡಂ, ಅದೇ ಕಷ್ಟ. ಇಷ್ಟು ಗಟ್ಟಿಯಾಗಿದ್ರೆ ಯಾರು ಕೊಡ್ತಾರೆ? ಗಂಡನ ವಿಷಯ ತೆಗೀಬೇಕು." ಅವಳು ಕಡ್ಡಿ ಮುರಿದಂತೆ ಒಲ್ಲೆ ಎಂದಳು. ಮೈಕು ನನ್ನನ್ನು ಕರೆದು, "ನಿಮ್ಮ ಮಾತು ಕೇಳ್ತಾರೆ, ನೀವು ಹೇಳಿ. ದಾನಿಗಳ ಮೀಟಿಂಗಲ್ಲಿ ಒಂದೇ ಸಲ ತೋರಿಸೋದು, ಆಚೆ ಹೋಗಲ್ಲ" ಎಂದರು. ನಾನು ಹೋಗಿ ಮಾತಾಡಿದೆ. ಅವಳು ಒಪ್ಪಿದಳು.

ಏನು ಹೇಳಿದಳು ಗೊತ್ತಾ? ಗಂಡನಿಗೆ ಹಾಸಿಗೆಯೇ ಸಿಗಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಂಬತ್ತು ಗಂಟೆ ಕೂರಿಸಿದ್ದಳು. ಜಾರಿ ಬೀಳದಿರಲೆಂದು ತನ್ನ ಶಾಲಿನಿಂದ ಅವನನ್ನು ಕುರ್ಚಿಗೆ ಕಟ್ಟಿದ್ದಳು. ಹಾಗೆ ಕಟ್ಟಿದ್ದಲ್ಲೇ ಹೋದ. ಅದನ್ನು ಹೇಳುತ್ತ ಅತ್ತಳು, ಭಾವನೆ ಸಾರ್ ಕ್ಯಾಮೆರಾದವನಿಗೆ ಹತ್ತಿರ ಹೋಗೆಂದು ಕೈಸನ್ನೆ ಮಾಡಿದ. ಮುಗಿದ ಮೇಲೆ ಹೆಬ್ಬೆರಳೆತ್ತಿ ನಕ್ಕ. ಆ ಹೆಬ್ಬೆರಳು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಥೂ!

ನಾಲ್ಕು ನಿಮಿಷದ ವಿಡಿಯೊ. ದೇಣಿಗೆ ಹರಿದುಬಂತು, ಸುಳ್ಳು ಹೇಳುವುದಿಲ್ಲ. ಟ್ಯಾಬ್ ಬಂದವು, ಮೂವತ್ತೊಂದು ಜನಕ್ಕೂ ಸಿಕ್ಕವು. ಇಸ್ತ್ರಿಯಕ್ಕ ತನ್ನದನ್ನು ಎದೆಗವುಚಿಕೊಂಡು ಮನೆಗೆ ಹೋದಳು. ಆದರೆ ಆ ಟ್ಯಾಬಿನಲ್ಲಿ ಕಾಲೇಜಿನ ಪಾಠದ ಪುಟ ತೆರೆದರೆ ಮೊಟ್ಟಮೊದಲು ಕಾಣುತ್ತಿದ್ದದ್ದೇ ಆ ವಿಡಿಯೊ. ಕೆಳಗೆ "ನೀವೂ ನೆರವಾಗಿ" ಎಂಬ ಗುಂಡಿ. ಒಂದೇ ಸಲ ತೋರಿಸುತ್ತೇವೆ ಎಂದವರು ಊರಿನವರ ಫೋನಿಗೆಲ್ಲ ಹರಿಬಿಟ್ಟಿದ್ದರು.

ಅವಳು ಮಕ್ಕಳಿಗೆ ಬೇರೆಯೇ ಹೇಳಿದ್ದಳು ಪುಟ್ಟಿ. ಅಪ್ಪ ಆಸ್ಪತ್ರೆಯ ಬೆಡ್ ಮೇಲೆ, ತಾನೇ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಮೇಲೆ ಮಲಗಿದ್ದರು, ನಿದ್ದೆಯಲ್ಲೇ ಹೋದರು ಎಂದು. ದೊಡ್ಡವಳಿಗೆ ಹನ್ನೊಂದು ವರ್ಷ. ತಾಯಿ ಅಡುಗೆಮನೆಯಲ್ಲಿದ್ದಾಗ ಹೊಸ ಟ್ಯಾಬ್ ಎಂದು ಆಸೆಯಿಂದ ಒತ್ತಿದ್ದಾಳೆ. ನಾಲ್ಕು ನಿಮಿಷ ನೋಡಿ, ಎದ್ದು ಹೋಗಿ ಬಾಗಿಲಲ್ಲಿ ನಿಂತು ಒಂದೇ ಒಂದು ಮಾತು ಕೇಳಿದಳಂತೆ: "ಅಮ್ಮಾ, ಅಪ್ಪನ್ನ ಯಾಕೆ ಕಟ್ಟಿಹಾಕಿದ್ದೆ?"

ಮರುದಿನ ಇಸ್ತ್ರಿಯಕ್ಕ ಇಷ್ಟನ್ನು ಹೇಳಿ, ಟ್ಯಾಬನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಅವಳು ಮತ್ತೆ ತರಗತಿಗೆ ಬರಲಿಲ್ಲ. ಕೋರ್ಸು ಮುಗಿಯಲು ಇದ್ದದ್ದು ಎರಡೇ ತಿಂಗಳು.

ಮೈಕಿನ ಹತ್ತಿರ ಹೋದೆ. ಹೊಸದಾಗಿ ಹಾಕಿಸಿದ ಗಾಜಿನ ತಡೆಯ ಹಿಂದೆ ಕೂತಿದ್ದರು. ವಿಡಿಯೊ ತೆಗೆಸಿ ಎಂದೆ. "ಮೂವತ್ತು ಸಾವಿರ ಜನ ನೋಡಿದ್ದಾರೆ ಮೇಡಂ! ಈಗ ತೆಗೆದ್ರೆ ಏನೋ ಮುಚ್ಚಿಡ್ತಿದ್ದಾರೆ ಅನ್ಕೋತಾರೆ. ಬೇಕಾದ್ರೆ ಮುಖ ಮಸುಕು ಮಾಡೋಣ." ಮಗಳು ತಾಯಿಯ ದನಿ ಗುರುತಿಸುವುದಿಲ್ಲವೇ ಎಂದು ಕೇಳಿದೆ. ಭಾವನೆ ಸಾರ್ ಪಕ್ಕದಿಂದ, "ದನಿನೂ ಬದಲಾಯಿಸಬಹುದು, ಆದ್ರೆ ಭಾವನೆ ಹೋಗುತ್ತೆ" ಎಂದ. ಆ ಗಾಜು ಅಡ್ಡ ಇರದಿದ್ದರೆ ಅವನ ಕೆನ್ನೆಗೆ ಬಾರಿಸುತ್ತಿದ್ದೆನೋ ಏನೋ!

ಇಷ್ಟಕ್ಕೇ ಮುಗಿಯಲಿಲ್ಲ. ಫೆಬ್ರವರಿ ಕೊನೆಗೆ ದಾನಿಗಳಿಗೆ ಕೃತಜ್ಞತಾ ಸಭೆ. ಎಲ್ಲರಿಗಿಂತ ಹೆಚ್ಚು ಕೊಟ್ಟ ಟೈಲ್ಸ್ ಕಾರ್ಖಾನೆಯ ಮಾಲೀಕರಿಗೆ ಆ ಹೆಂಗಸಿನ ಜೊತೆ ಫೋಟೊ ಬೇಕಂತೆ. ಮೈಕು ಅವಳಿಗೆ ಫೋನ್ ಮಾಡಿ ಮಾಡಿ ಸೋತರು. ಆಮೇಲೆ ನನ್ನೆದುರಿಗೇ, "ಮಾಸ್ಕ್ ಇರುತ್ತಲ್ಲ, ಯಾರಾದ್ರೂ ಒಬ್ಬರನ್ನ ಕೂರಿಸಿದ್ರಾಯ್ತು" ಎಂದರು. ತಮಾಷೆ ಎಂದುಕೊಂಡೆ. ಅಲ್ಲ, ನಿಜವಾಗಿಯೂ ಲೈಬ್ರರಿ ಗುಡಿಸುವ ಆಯಾಳನ್ನು ಮಾಸ್ಕ್ ಹಾಕಿಸಿ, ಹೆಗಲಿಗೊಂದು ಶಾಲು ಹೊದಿಸಿ, "ತಲೆ ತಗ್ಗಿಸ್ಕೊಂಡಿರು, ಮಾತಾಡಬೇಡ" ಎಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಪಾಪ, ಕೆಲಸ ಹೋದರೆ ಎಂಬ ಹೆದರಿಕೆಗೆ ಅವಳು ಒಪ್ಪಿಕೊಂಡಿದ್ದಳು. ಮಾಲೀಕರು ಹೂಗುಚ್ಛ ಕೊಟ್ಟು, "ಧೈರ್ಯವಾಗಿರಮ್ಮ, ನಿನ್ನ ಗಂಡ ಮೇಲಿಂದ ನೋಡ್ತಿರ್ತಾನೆ" ಎಂದರು. ಆಯಾಳ ಗಂಡ ನಮ್ಮ ಗೇಟಿನ ಕಾವಲುಗಾರ. ಅರ್ಧ ಗಂಟೆ ಹಿಂದೆ ಅದೇ ಮಾಲೀಕರ ಹಣೆಗೆ ಜ್ವರ ನೋಡುವ ಗನ್ ಹಿಡಿದು ಒಳಗೆ ಬಿಟ್ಟವನು!

ಎದ್ದು ನಿಂತೆ. "ಸಾರ್, ಇವರು ಆ ಹೆಂಗಸಲ್ಲ. ಅವರು ಕಾಲೇಜು ಬಿಟ್ಟಿದ್ದಾರೆ. ನೀವು ನೋಡಿದ ವಿಡಿಯೊದಿಂದಾನೇ ಬಿಟ್ಟಿದ್ದಾರೆ" ಎಂದೆ. ಸಭೆಯಲ್ಲಿ ಗುಸುಗುಸು ಎದ್ದಿತು. ಮೈಕಿಗೆ ಮೊದಲ ಸಲ ಬಾಯಿ ಕಟ್ಟಿತು. ಮಾಲೀಕರು ಸಿಟ್ಟಾಗುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಛಾಯಾಗ್ರಾಹಕನ ಕಡೆ ತಿರುಗಿ "ಬಂತಾ?" ಎಂದು ಕೇಳಿದರು. ಅವನು ಬಂತು ಎಂದ. ಆಗ ನನಗೆ, "ಯಾರಾದ್ರೇನು ಮೇಡಂ, ಉದ್ದೇಶ ಒಳ್ಳೇದು ತಾನೆ?" ಎಂದು ಮಾಸ್ಕ್ ಗಲ್ಲಕ್ಕೆ ಇಳಿಸಿ ಕೇಕ್ ತಿಂದರು. ಆಯಾ ಮಾತ್ರ ಹೂಗುಚ್ಛವನ್ನು ಕುರ್ಚಿಯ ಮೇಲಿಟ್ಟು, ಶಾಲು ಕಿತ್ತು ಮಡಚಿ, ಹೊರಗೆ ಹೋದಳು. ಆ ಸಭೆಯಲ್ಲಿ ಮರ್ಯಾದೆ ಇದ್ದವಳು ಅವಳೊಬ್ಬಳೇ.

ವಿಡಿಯೊ ಮರುದಿನವೇ ಕಾಲೇಜಿನ ಪುಟದಿಂದ ಹೋಯಿತು. ಹೆಸರಿಗೆ ಹೆದರಿ ತೆಗೆದದ್ದು, ನಾಚಿಕೆಯಿಂದಲ್ಲ. ಜನರ ಫೋನಿನಿಂದ ಯಾರು ತೆಗೆಯುತ್ತಾರೆ? ನಾನು ರಾಜೀನಾಮೆ ಬರೆದು ಹರಿದುಹಾಕಿದೆ. ನಾನು ಬಿಟ್ಟರೆ ಉಳಿದ ಮೂವತ್ತು ಹೆಂಗಸರಿಗೆ ಯಾವುದೋ ವಿಡಿಯೊ ಹಾಕಿ ಪಾಠ ಮುಗಿಸುತ್ತಾರೆ. ಅಸಹ್ಯ ನುಂಗಿಕೊಂಡು ಹೋಗಿಬರುತ್ತಿದ್ದೇನೆ. ಮೈಕು ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾರೆ. ಒಳ್ಳೆಯದೇ ಆಯಿತು.

ಕಳೆದ ವಾರ ಲಾಂಡ್ರಿಗೆ ಹೋದೆ. ಇಸ್ತ್ರಿಯಕ್ಕ ಹಬೆಯಲ್ಲಿ ನಿಂತು ಹಾಸುಬಟ್ಟೆಗೆ ಇಸ್ತ್ರಿ ತಿಕ್ಕುತ್ತಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ. ಅವಳ ಪ್ರಾಕ್ಟಿಕಲ್ ಎಲ್ಲ ಮುಗಿದಿದೆ, ಪರೀಕ್ಷೆಗೆ ಹೆಸರು ಕಳಿಸಿದ್ದೇನೆ ಎಂದೆ. ಅವಳು ಇನ್ನೊಂದು ಹಾಸುಬಟ್ಟೆ ಎಳೆದುಕೊಂಡಳು. ಮಗಳು ಹೇಗಿದ್ದಾಳೆ ಎಂದು ಕೇಳಿದೆ. "ನನ್ನ ಶಾಲು ಮುಟ್ಟಲ್ಲ. ಚಿಕ್ಕವಳಿಗೂ ಮುಟ್ಟೋಕೆ ಬಿಡಲ್ಲ" ಎಂದಳು. ಆಮೇಲೆ ಬಟ್ಟೆ ಮಡಚುತ್ತಲೇ, "ಪರೀಕ್ಷೆ ಬರೀತೀನಿ ಮೇಡಂ. ಕೆಲಸ ಬೇಕು ನನಗೆ. ಆದ್ರೆ ಸರ್ಟಿಫಿಕೇಟ್ ಪೋಸ್ಟಲ್ಲಿ ಕಳಿಸಿಬಿಡಿ. ನಿಮ್ಮ ಕೈಯಿಂದ ತಗೊಳ್ಳಲ್ಲ" ಎಂದಳು.

ಸರಿ ಎಂದು ಬಂದೆ.

ನಿನ್ನ ಸಣ್ಣವನ ಕೆಮ್ಮು ವಾಸಿಯಾಯಿತಾ? ಬಿಸಿನೀರು ಕುಡಿಸು, ನೆಲದ ಮೇಲೆ ಮಲಗಿಸಬೇಡ. ದೊಡ್ಡವಳು ಚೆನ್ನಾಗಿ ಓದಲಿ. ಇಬ್ಬರಿಗೂ ದೊಡ್ಡಮ್ಮನ ಮನಸಾರೆ ಆಶೀರ್ವಾದ. ನಿನ್ನ ಮನೆ ತಣ್ಣಗಿರಲಿ, ನೂರು ಕಾಲ ಚೆನ್ನಾಗಿರು.

ನಿನ್ನ
ಅಕ್ಕ

ತಾ. ಕ.: ಕವರು ಅಂಟಿಸಿ ಮತ್ತೆ ಹರಿದಿದ್ದೇನೆ. ಇಸ್ತ್ರಿಯಕ್ಕನನ್ನು ವಿಡಿಯೊಗೆ ಹೇಗೆ ಒಪ್ಪಿಸಿದೆನೆಂದು ನಿನಗೆ ಬರೆಯಲೇ ಇಲ್ಲ. ಅವತ್ತು ಅವಳು, "ನಮ್ಮವರು ನಮ್ಮ ಕಣ್ಣೆದುರಿಗೇ ಹೋಗೋದು ಅಂದ್ರೆ ನಿಮಗೇನು ಗೊತ್ತು ಮೇಡಂ?" ಎಂದಳು. ನಾನು "ಗೊತ್ತು" ಎಂದೆ. ಅಮ್ಮ ನನ್ನ ಕೈ ಹಿಡಿದುಕೊಂಡೇ ಹೋದರು ಎಂದೆ. ಒದ್ದೆ ಹತ್ತಿಯಲ್ಲಿ ತುಟಿ ನೆನೆಸಿದ್ದು, ಕೊನೆಗೆ ಅಮ್ಮ ಕಿಟಕಿ ತೆಗಿ ಎಂದದ್ದು, ನೀನು ಫೋನಿನಲ್ಲಿ ಅಳುತ್ತ ಹೇಳಿದ್ದನ್ನೆಲ್ಲ ನನ್ನದೇ ಎಂಬಂತೆ ಹೇಳಿದೆ. "ಹೇಳಿಕೊಂಡ್ರೆ ಹಗುರ ಆಗುತ್ತೆ, ನನಗೆ ಆಗಿದೆ" ಎಂದೂ ಹೇಳಿದೆ. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು.

ಅಮ್ಮನ ಕೊನೆಯ ವಾರ, ಬುಧವಾರ ನೀನು "ಬಾ ಅಕ್ಕ, ಒಬ್ಬಳಿಗೇ ಆಗ್ತಿಲ್ಲ" ಎಂದಾಗ ರಸ್ತೆ ಮುಚ್ಚಿದೆ ಎಂದಿದ್ದೆನಲ್ಲ. ನನಗೆ ಮುಚ್ಚಿರಲಿಲ್ಲ ಪುಟ್ಟಿ. ಆಸ್ಪತ್ರೆ ಕೆಲಸದವರಿಗೆ ಓಡಾಡಲು ಕೊಡುವ ಪಾಸು ನನ್ನ ಕೈಚೀಲದಲ್ಲೇ ಇತ್ತು. ಮೂವತ್ತೊಂದು ಜನಕ್ಕೆ ರೋಗಿಯ ಪಕ್ಕ ಕೂರುವುದು ಹೇಗೆಂದು ಕಲಿಸುವ ನಾನು ಅಮ್ಮನ ಪಕ್ಕ ಕೂರಲು ಹೆದರಿದೆ.