ಮೂವತ್ತು ಕಂಠ, ಒಂದು ಶ್ರುತಿಪೆಟ್ಟಿಗೆ

ಖಾನಾಪುರ
೧೮-೧೧-೨೦೨೫, ಮಂಗಳವಾರ

ಮಗಳು ನೇತ್ರಾಗೆ, ನೀನು ಕೇಳದಿದ್ದರೂ ಅಪ್ಪನ ಆಶೀರ್ವಾದ.

ಆರೋಗ್ಯ ಹೇಗಿದೆ ತಾಯಿ? ಅನಗೋಳದ ನಿನ್ನ ಕೋಣೆಯಲ್ಲಿ ಥಂಡಿ ಬಹಳವಂತೆ. ನನ್ನ ಫೋನು ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಿನ್ನ ಅವ್ವನ ಮೊಣಕಾಲು ನೋವು ಹಾಗೇ ಇದೆ. ಹೀಗಾಗಿ ನಿಮ್ಮ ಗಾನವೃಂದದ ಕಾರ್ಯಕ್ರಮಕ್ಕೆ ನೀನು ಅವಳಿಗೆ ಕಳಿಸಿದ ಟಿಕೀಟು ಹಿಡಿದು ಭಾನುವಾರ ಬೆಳಗಾವಿಗೆ ಬಂದವನು ನಾನು. "ಅಪ್ಪಗ ಹೇಳಬ್ಯಾಡ" ಎಂದಿದ್ದೆಯಂತೆ. ನಿನ್ನ ಅವ್ವ ಶಿವಲಿಂಗವ್ವನ ಹೊಟ್ಟೆಯಲ್ಲಿ ಮಾತು ಎಂದು ನಿಂತಿದೆ?

ಬಂದು ಕೇಳಿದ್ದೇನು? ಕರಿ ಅಂಗಿ ತೊಟ್ಟ ಮೂವತ್ತು ಜನ ಮೊದಲ ಐದು ನಿಮಿಷ ಬರೀ 'ಶ್' ಎಂದಿರಿ. ಅಷ್ಟರಲ್ಲಿ ನಮ್ಮ ಕುಕ್ಕರಿನಲ್ಲಿ ಬೇಳೆಯಾದರೂ ಬೇಯುತ್ತಿತ್ತು. ಆಮೇಲೆ ನಾಲಿಗೆ ಲೊಚಗುಟ್ಟಿದಿರಿ, ಕಾಗದ ಹರಿದಿರಿ. ಅದಕ್ಕೆ ಜನ ಎದ್ದು ನಿಂತು ಚಪ್ಪಾಳೆ! ಮೂರನೆಯ ಹಾಡಿನಲ್ಲಂತೂ ಒಬ್ಬೊಬ್ಬರದು ಒಂದೊಂದು ಸ್ವರ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಾವಿ, ಗೋವಾ, ದಾಂಡೇಲಿ ಎಂದು ಕಂಡಕ್ಟರುಗಳು ಒಟ್ಟಿಗೆ ಕೂಗಿದ ಹಾಗೆ. ಮುಂದೆ ನಿಂತು ಕೈ ಬೀಸುತ್ತಿದ್ದವನ ಮುಖದಲ್ಲಿ ಮಾತ್ರ ಪರಮ ಸಂತೋಷ.

ನಲವತ್ತು ವರ್ಷ ಮಠದಲ್ಲಿ ಸೋಮವಾರದ ವಚನ ಭಜನೆಗೆ ಹಾರ್ಮೋನಿಯಂ ಪೇಟಿ ನುಡಿಸಿದವನು ನಾನು. ಶ್ರುತಿ ತಪ್ಪಿದವರನ್ನು ಎಬ್ಬಿಸಿ ಕಳಿಸಿದ್ದೇನೆ, ಸ್ವಂತ ಮಗಳನ್ನೂ ಬಿಡಲಿಲ್ಲ. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಎಲ್ಲರೆದುರು "ನಿನಗ ಸ್ವರ ನಿಲ್ಲೂದಿಲ್ಲ, ಏಳು" ಎಂದೆ. ಅಂದು ಎದ್ದವಳು ಇಂದಿಗೂ ನನ್ನ ಸಂಗಡ ಮಾತಾಡಿಲ್ಲ.

ಅಂಥವನು ಈ ಗದ್ದಲ ಕೇಳಿ ಸುಮ್ಮನೆ ಕೂಡುವುದು ಹೇಗೆ? ಪಾಪ, ಇವರಿಗೆ ಯಾರೂ ಶ್ರುತಿ ಕೊಟ್ಟಿಲ್ಲ ಎಂದುಕೊಂಡು ಜೇಬಿನ ಪುಟ್ಟ ಬ್ಯಾಟರಿ ಶ್ರುತಿಪೆಟ್ಟಿಗೆ ತೆಗೆದು ಜೋರಾಗಿ ಹಚ್ಚಿಬಿಟ್ಟೆ. ಬಾಜು ಕೂತವನು ಬೆವತುಹೋದ. "ಕಾಕಾ, ಬಂದ್ ಮಾಡ್ರಿ! ಅವ್ರು ಬೇಕಂತ್ಲೇ ಹಂಗ ಹಾಡಾಕತ್ತಾರ" ಎಂದ. ಬೇಕಂತಲೇ! ಬೇಕಂತ ಯಾರಾದರೂ ರೊಟ್ಟಿ ಸೀಯಿಸುತ್ತಾರೆಯೇ? ಅಷ್ಟರಲ್ಲಿ ಬ್ಯಾಡ್ಜು ಹಾಕಿಕೊಂಡ ಹುಡುಗಿಯೊಬ್ಬಳು ಬಂದು "ಹೊರಗ ಬರ್ರಿ ಅಜ್ಜಾರ" ಎಂದು ಕೈಹಿಡಿದು ಕರೆದೊಯ್ದಳು. ಅಜ್ಜನಂತೆ! ಕುಣಿಯಲಾರದವಳು ನೆಲ ಡೊಂಕೆಂದಳು ಎನ್ನುತ್ತಾರೆ. ಇವರು ಡೊಂಕು ನೆಲಕ್ಕೇ ಟಿಕೀಟು ಇಟ್ಟಿದ್ದಾರೆ. ಖಾನಾಪುರ ಮುಟ್ಟುವವರೆಗೂ ಬೈಯುತ್ತಲೇ ಬಂದೆ.

ಬಿಸಿನೀರು ಕುಡಿ, ಕಿವಿಗೆ ಅರಿವೆ ಕಟ್ಟಿಕೊ. ಅವ್ವ ಚಟ್ನಿಪುಡಿ ಕುಟ್ಟಿ ಇಟ್ಟಿದ್ದಾಳೆ. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಗುರುಪುತ್ರಪ್ಪ

ತಾ.ಕ.: ಅಂಚೆಗೆ ಹೊತ್ತಾಯಿತು, ಆದರೂ ಬರೆಯುತ್ತೇನೆ. ನನ್ನ ಪೆಟ್ಟಿಗೆ ಮೊಳಗಿದೊಡನೆ ನಿಮ್ಮವರೆಲ್ಲ ತಮ್ಮ ಸ್ವರ ಬಿಟ್ಟು ಅದರ ಕಡೆ ಜಾರಿದರು. ಎರಡನೆಯ ಸಾಲಿನ ತುದಿಯಲ್ಲಿ ನಿಂತವಳ ಸ್ವರ ಒಂದೇ ಅಲ್ಲಾಡಲಿಲ್ಲ. ಅದು ನಿನ್ನದು. ನಿನಗೆ ಸ್ವರ ನಿಲ್ಲುವುದಿಲ್ಲ ಎಂದದ್ದು ನನ್ನ ತಪ್ಪು ಮಗಳೇ. ಬರುವ ಸೋಮವಾರ ಪೇಟಿಯ ಬಾಜು ನಿನ್ನ ಜಾಗ ಹಿಡಿದಿಟ್ಟಿರುತ್ತೇನೆ. ಬೇಕಾದರೆ ಬರೀ 'ಶ್' ಅನ್ನು, ಆದರೆ ಬಾ.