ತಟ್ಟೆ ಎತ್ತುವ ಕೆಲಸ

೪ ಫೆಬ್ರವರಿ ೧೯೭೪, ಬಿಳಿಗಿರಿರಂಗನ ಬೆಟ್ಟ

ಮತ್ತೆ ಟೇಬಲ್ ಡ್ಯೂಟಿ. ಟ್ರೇನಿಂಗ್ ಮುಗಿಯೋಕೆ ಇನ್ನೊಂದು ತಿಂಗಳು. ಕೇಟರಿಂಗ್ ಕೋರ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಈ ಪ್ರವಾಸಿ ಬಂಗಲೆಯಲ್ಲಿ ಯಾರಿಗೂ ಬೇಡ. ಬಟ್ಲರ್ ಮುತ್ತಯ್ಯನದು ಒಂದೇ ಪಾಠ — "ಗೆಸ್ಟ್ ಎದ್ರಾ? ತಟ್ಟೆ ಎತ್ತು." ಎತ್ತುತ್ತೇನೆ. ಮೊದಮೊದಲು ಮುಖ ಆಚೆ ತಿರುಗಿಸಿಕೊಂಡು ಎತ್ತುತ್ತಿದ್ದೆ. ಈಗ ಏನೂ ಇಲ್ಲ.

ಊರಲ್ಲಿ ಅಪ್ಪ 'ನನ್ ಮಗ ಮ್ಯಾನೇಜರಿಕೆ ಕಲೀತಾವ್ನೆ' ಅಂತ ಹೇಳಿಕೊಂಡು ತಿರುಗುತ್ತಿದ್ದಾನೆ. ಆ ಮಾತಿನ ಮೇಲೇ ಮದುವೆ ಗೊತ್ತಾಗಿರೋದು. ಯಳಂದೂರಿನ ಗುರುಮಲ್ಲಪ್ಪನವರ ಮಗಳು ಶಿವರತ್ನ. ಹೆಣ್ಣು ನೋಡೋಕೆ ಹೋದಾಗ ಕಾಫಿ ಚೆಲ್ಲಿ ನಕ್ಕಳು. ಇಷ್ಟವಾಯಿತು.

೧೭ ಫೆಬ್ರವರಿ, ಮಧ್ಯಾಹ್ನ ೩

ಗುರುಮಲ್ಲಪ್ಪನವರೇ ಬಂದಿದ್ದರು. ಯಾರೋ ಆಫೀಸರ ಜೊತೆ, ಜೀಪಿನಲ್ಲಿ. ನಾನು ಬಿಳಿ ಕೋಟು, ಟೋಪಿಯಲ್ಲಿದ್ದೆ — ಮೊದಲು ಅವರಿಗೆ ಗುರುತು ಹತ್ತಲಿಲ್ಲ. ಉಂಡು, ಎಂಜಲು ಉಳಿಸಬಾರದೆಂಬ ನಮ್ಮವರ ಪದ್ಧತಿಯಂತೆ ತಟ್ಟೆಗೆ ನೀರು ಬಿಟ್ಟು ತೊಳೆದು ಕುಡಿದರು. ಎತ್ತೋಕೆ ಕೈ ಹಾಕಿದೆ. ಮುಖ ನೋಡಿದರು. ತಟ್ಟೆ ಬಿಡಲಿಲ್ಲ.

"ನೀನು ಸತ್ತೇಗಾಲದ ಚಿಕ್ಕಮಾದಪ್ಪನ ಮಗ ಅಲ್ವೇನ್ಲಾ?"

"ಊಂ ಸಾ. ಬುಡಿ ಸಾ, ನನ್ ಕೆಲ್ಸ."

ಮಾವ ಅನ್ನಬೇಕಿತ್ತು. ಬಾಯಿಗೆ ಸಾ ಅಂತ ಬಂತು. ಮುತ್ತಯ್ಯ ನೋಡುತ್ತಿದ್ದ. ತಟ್ಟೆ ಎಳೆದುಕೊಂಡೆ.

೨೪ ಫೆಬ್ರವರಿ

ಅಪ್ಪ ಹೇಳಿ ಕಳಿಸಿದ್ದಾನೆ. ಕಂಡೋರ ಎಂಜಲು ಎತ್ತೋನಿಗೆ ಗುರುಮಲ್ಲಪ್ಪನವರು ಹೆಣ್ಣು ಕೊಡಲ್ಲವಂತೆ. ಕೆಲಸ ಬಿಟ್ಟು ಬಂದರೆ ನೋಡೋಣ ಅಂದರಂತೆ. ಇಲ್ಲಿ ಮುತ್ತಯ್ಯ — ಟ್ರೇನಿಂಗ್ ಮುಗಿಸು, ನಿನ್ನ ಇಲ್ಲೇ ಖಾಯಂ ಮಾಡ್ತಾರೆ ಅಂತ. ಎರಡನ್ನೂ ಕೇಳಿಸಿಕೊಂಡೆ. ಸಂಜೆ ನ್ಯಾಪ್ಕಿನ್ ಮಡಿಸಿದೆ.

೨ ಮಾರ್ಚ್, ಸತ್ತೇಗಾಲ

ರಜ. ಅಪ್ಪ, ನಾನು ಉಂಡೆವು. ಆಮೇಲೆ ಅವ್ವ ಒಬ್ಬಳೇ ಒಲೆ ಪಕ್ಕ ಕೂತು ಉಂಡಳು. ಅವಳು ಏಳುತ್ತಿದ್ದ ಹಾಗೇ ನನ್ನ ಕೈ ತಾನಾಗಿ ಅವಳ ತಟ್ಟೆಗೆ ಹೋಯಿತು. ಅವ್ವ ಗಾಬರಿಯಾದಳು.

"ಬುಡಪ್ಪಾ... ನನ್ ತಟ್ಟೆಯ ಯಾರೂ ಎತ್ತಿಲ್ಲ ಕನಪ್ಪ, ಉಟ್ಟದಾಗ್ನಿಂದ."

ಹಿತ್ತಿಲಲ್ಲಿ ತೊಳೆದು ತಂದುಕೊಟ್ಟೆ. ಬಾಗಿಲಲ್ಲಿ ಅಪ್ಪ ನಿಂತಿದ್ದ.

"ಎಣ್ಣು ಬೇಕೋ, ಎಂಜಲು ಬೇಕೋ? ಇವತ್ತೇ ಏಳ್ಬುಡ್ಲಾ."

"ನಾಳೆ ಬಸ್ಸಿಗೆ ಬೆಟ್ಟಕ್ಕೆ ಓಯ್ತೀನಿ."

ಅಂದ ಮೇಲೆ ಶಿವರತ್ನ ನೆನಪಾದಳು. ಆಗ ನೋವಾಯಿತು. ಇಷ್ಟು ದಿನದಲ್ಲಿ ಮೊದಲ ಸಲ.

ಅಪ್ಪ ಜಗಲಿಗೆ ಹೋಗಿ ಮಲಗಿದ್ದಾನೆ. ಅವ್ವ ಮತ್ತೆ ಒಲೆ ಪಕ್ಕ ಕೂತವಳು ಇನ್ನೂ ಎದ್ದಿಲ್ಲ. ತೊಳೆದ ತಟ್ಟೆ ತೊಡೆ ಮೇಲಿದೆ. ಕರೆದರೆ, 'ಇರಪ್ಪಾ, ಬತ್ತೀನಿ' ಅಂತಾಳೆ, ತಟ್ಟೆ ಮಾತ್ರ ಕೆಳಗಿಡಲ್ಲ.